ರಸೀದಿ ಯಾರ ಹೆಸರಲ್ಲಿದೆ, ಮೊದಲು ಅದನ್ನು ಹೇಳಿ

ಈ ಸಲದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಓದಿದೆ. ಸಿಟ್ಟೇ ಬಂತು. ಮಂಡಿಪೇಟೆಯ ಸಗಟು ಅಂಗಡಿ, ಪಿ.ಜೆ. ಬಡಾವಣೆಯ ನರ್ಸಿಂಗ್ ಹೋಮ್, ಹರಿಹರದ ರೈಸ್ ಮಿಲ್, ಹೀಗೆ ವ್ಯವಹಾರಗಳು ಬೇರೆ ಬೇರೆ. ಎಡವಿದ ಕಲ್ಲು ಮಾತ್ರ ಒಂದೇ. ಅದಕ್ಕೇ ಅಂಥ ಒಂದು ಪ್ರಶ್ನೆಗೆ ಇವತ್ತು ಹೆಚ್ಚು ಜಾಗ ಕೊಡುತ್ತಿದ್ದೇನೆ. ‘ಕ್ಲೌಡ್ ಅಂದರೇನು’ ಎಂದು ಕೇಳಿದವರಿಗೆ ಉತ್ತರ ಬರೆಯುವುದಿಲ್ಲ. ದಿನವಿಡೀ ಮೊಬೈಲಿನಲ್ಲಿ ದುಡ್ಡು ಕಳಿಸುವವರಿಗೆ ಅದನ್ನು ನಾನು ಹೇಳಿಕೊಡಬೇಕಾ?

ಪ್ರಶ್ನೆ: ದಾವಣಗೆರೆ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮದು ದಲಾಲಿ ಅಂಗಡಿ. ಮೆಕ್ಕೆಜೋಳ, ಭತ್ತದ ವ್ಯವಹಾರ. ನಾಲ್ಕು ವರ್ಷದ ಹಿಂದೆ ಒಬ್ಬರು ಬಂದು ನಮ್ಮ ಲೆಕ್ಕವನ್ನೆಲ್ಲ ಕ್ಲೌಡ್‌ಗೆ ಹಾಕಿಕೊಟ್ಟರು. ಈ ವರ್ಷ ಫೀಸು ದುಪ್ಪಟ್ಟು ಕೇಳಿದರು. ನಾವು ಒಪ್ಪಲಿಲ್ಲ. ಈಗ ಲಾಗಿನ್ ಆಗುತ್ತಿಲ್ಲ, ಅವರು ಫೋನೂ ಎತ್ತುತ್ತಿಲ್ಲ. ರೈತರ ಮುಂಗಡ, ಬಾಕಿ ಎಲ್ಲ ಅದರಲ್ಲೇ ಇದೆ. ಒಮ್ಮೆ ಸಿಕ್ಕಾಗ ‘ಡೇಟಾ ಹೊರಗೆ ತರಲು ಅಮೆಜಾನ್‌ನವರು ಚಾರ್ಜ್ ಹಾಕ್ತಾರೆ, ನಲವತ್ತು ಸಾವಿರ ಆಗುತ್ತೆ’ ಎಂದರು. ಡೇಟಾ ನಮ್ಮದೇ ಅಲ್ವಾ?

ಉತ್ತರ: ಡೇಟಾ ನಿಮ್ಮದೇ. ಬೀಗದ ಕೈ ಅವರದು. ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಗೋದಾಮಿನಲ್ಲಿ ನೂರು ಚೀಲ ಮೆಕ್ಕೆಜೋಳ ಇಟ್ಟರೆ ರಸೀದಿಯನ್ನು ಹಮಾಲರ ಮೇಸ್ತ್ರಿ ಹೆಸರಿಗೆ ಬರೆಸುತ್ತೀರಾ? ಲೆಕ್ಕದ ವಿಷಯದಲ್ಲಿ ನೀವು ಮಾಡಿದ್ದು ಅದನ್ನೇ. ಅಕೌಂಟ್ ತೆರೆದವನು ಅವನು, ಇಮೇಲ್ ಅವನದು, ಓಟಿಪಿ ಬರುವ ನಂಬರ್ ಅವನದು. ನಿಮ್ಮ ಲೆಕ್ಕ ಕೂತಿರುವುದು ಅಮೆಜಾನ್‌ನವರು ಬಾಡಿಗೆಗೆ ಕೊಡುವ ಕಂಪ್ಯೂಟರಿನಲ್ಲಿ, ಅವರ ಪಾಲಿಗೆ ಗಿರಾಕಿ ಅವನು. ನೀವು ಯಾರೆಂದೇ ಅವರಿಗೆ ಗೊತ್ತಿಲ್ಲ. ನೀವು ಬೆಂಗಳೂರಿಗೇ ಹೋಗಿ ಕೂತರೂ ಅವರು ನಿಮಗೆ ಬಾಗಿಲು ತೆಗೆಯುವುದಿಲ್ಲ, ತೆಗೆಯಲೂಬಾರದು. ಹಾಗೆ ತೆಗೆದರೆ ನಾಳೆ ಇನ್ಯಾರೋ ಬಂದು ‘ಇದು ನನ್ನದು’ ಅಂದಾಗಲೂ ತೆಗೆಯಬೇಕಾಗುತ್ತದೆ.

ಆ ನಲವತ್ತು ಸಾವಿರದ ಮಾತು ಶುದ್ಧ ಬುರುಡೆ. ದಲಾಲಿ ಅಂಗಡಿಯೊಂದರ ನಾಲ್ಕು ವರ್ಷದ ಲೆಕ್ಕ ಕೆಲವು ಜಿಬಿ ದಾಟುವುದೇ ಅಪರೂಪ. ಅಮೆಜಾನ್ ತನ್ನ ಕ್ಲೌಡ್‌ನಿಂದ ತಿಂಗಳಿಗೆ 100 ಜಿಬಿ ತನಕ ಹೊರಗೆ ಕಳಿಸಲು ಚಾರ್ಜೇ ಹಾಕುವುದಿಲ್ಲ. ಅಷ್ಟೇ ಅಲ್ಲ, ತಮ್ಮ ಸೇವೆ ಬಿಟ್ಟು ಹೋಗುವ ಗಿರಾಕಿಯ ಡೇಟಾ ಸಾಗಣೆ ಶುಲ್ಕವನ್ನು ಗೂಗಲ್ 2024ರ ಜನವರಿಯಲ್ಲಿ ತೆಗೆದುಹಾಕಿತು. ಅಮೆಜಾನ್, ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲಿ ತೆಗೆದವು. ಕೆಲಸಕ್ಕೆ ಕೂಲಿ ಕೇಳಲಿ, ಅದು ನ್ಯಾಯ. ಅಮೆಜಾನ್ ಹೆಸರು ಹೇಳಿ ಹೆದರಿಸುವುದು ಬೇರೆ ಕಸುಬು.

ಈಗೇನು ಮಾಡುವುದು? ನನ್ನ ಸಲಹೆ ನಿಮಗೆ ರುಚಿಸಲಿಕ್ಕಿಲ್ಲ. ಮೂರು ತಿಂಗಳ ಫೀಸು ಕೊಟ್ಟು ಮೊದಲು ಒಳಗೆ ಹೋಗಿ. ಡೇಟಾ ಕೈಗೆ ಬಂದ ಮೇಲೆ ಎಷ್ಟು ಬೇಕಾದರೂ ಜಗಳವಾಡಿ. ಯಾಕೆಂದರೆ ಮುಚ್ಚಿದ ಅಕೌಂಟ್ ಹಾಗೇ ಬಿದ್ದಿರುವುದಿಲ್ಲ. ಅಮೆಜಾನ್‌ನಲ್ಲಿ ಅಕೌಂಟ್ ಮುಚ್ಚಿದ 90 ದಿನದ ನಂತರ ಒಳಗಿದ್ದದ್ದನ್ನು ಅಳಿಸುತ್ತಾರೆ. ಕಚೇರಿಯ ಇಮೇಲ್, ಫೈಲು ಇಡುವ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರನನ್ನು ವಾಪಸ್ ತರಲು ಇರುವುದು 20 ದಿನ, ಅಂಥದ್ದೇ ಸೇವೆಯಾದ ಮೈಕ್ರೋಸಾಫ್ಟ್ 365ರಲ್ಲಿ 30 ದಿನ. ನೀವು ಪಂಚಾಯ್ತಿ ಸೇರಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಅತ್ತ ಜಿಎಸ್‌ಟಿ ಕಾಯ್ದೆ ಪ್ರಕಾರ ಲೆಕ್ಕಪತ್ರವನ್ನು ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಆ ಜವಾಬ್ದಾರಿ ನಿಮ್ಮ ತಲೆ ಮೇಲಿದೆ. ‘ಸಾಫ್ಟ್‌ವೇರ್‌ನವನು ಓಡಿಹೋದ’ ಅಂದರೆ ಅಧಿಕಾರಿ ಕೇಳುವುದಿಲ್ಲ.

ಅವರನ್ನು ಕೇಳುವುದು ಫೋನಿನಲ್ಲಿ ಬೇಡ, ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಂತೂ ಬೇಡವೇ ಬೇಡ. ಇಮೇಲ್ ಬರೆಯಿರಿ, ತಾರೀಕು ಹಾಕಿ. ನಾಳೆ ವಕೀಲರ ನೋಟಿಸ್ ಕೊಡಬೇಕಾದರೆ ಅದೇ ಆಧಾರ. ಏನು ಬೇಕು ಅನ್ನುವುದನ್ನೂ ಬಿಡಿಸಿ ಬರೆಯಿರಿ. ಸುಮ್ನೆ ‘ನಮ್ಮ ಡೇಟಾ ಕೊಡಿ’ ಅಂದರೆ ನಾಲ್ಕು ಪಿಡಿಎಫ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಆದರೆ ಕಂಪನಿಯ ಲೆಕ್ಕ ಅಂಕಿ ಹೆಸರಿನ ಒಂದು ಫೋಲ್ಡರ್‌ನಲ್ಲಿರುತ್ತದೆ, ಆ ಇಡೀ ಫೋಲ್ಡರ್ ಕೇಳಿ. ಅವರೇ ಬರೆದ ಸಾಫ್ಟ್‌ವೇರ್ ಆಗಿದ್ದರೆ ಬರೀ ಡೇಟಾಬೇಸ್ ಬ್ಯಾಕಪ್ ನಿಮಗೆ ಉಪಯೋಗವಿಲ್ಲ, ಅದನ್ನು ತೆರೆಯಲು ಮತ್ತೆ ಅವರೇ ಬೇಕು. ಪ್ರತಿ ಖಾತೆ, ಪ್ರತಿ ಪಟ್ಟಿ ಎಕ್ಸೆಲ್‌ನಲ್ಲಿ ಬರಲಿ.

ಬಂದ ಮೇಲೆ ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಡಿ. ಬೇರೆ ಕಂಪ್ಯೂಟರಿನಲ್ಲಿ ತೆರೆಯಿರಿ. ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ತಾಳೆ ಪಟ್ಟಿ, ತೆಗೆಯಿರಿ. ಮೂವರು ಹಳೆಯ ರೈತರ ಖಾತೆಯನ್ನು ಕೈಬರಹದ ಪುಸ್ತಕಕ್ಕೆ ಹೋಲಿಸಿ. ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಂದು ಅಂಗಡಿಯಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಾಗ ನನ್ನನ್ನು ಕರೆಸಿದ್ದರು. ಮಾಲೀಕರು ನೆಮ್ಮದಿಯಾಗಿದ್ದರು. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿತ್ತು, ಒಂದು ದಿನವೂ ತಪ್ಪಿರಲಿಲ್ಲ. ಫೋಲ್ಡರ್ ತೆರೆದೆ. ತಾರೀಕಿನ ಪ್ರಕಾರ ಸಾಲಾಗಿ ನೂರಾರು ಫೈಲು, ಪ್ರತಿಯೊಂದೂ 1 ಕೆಬಿ. ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಒಂದೇ ಸಾಲು, ಪಾಸ್‌ವರ್ಡ್ ತಪ್ಪಾಗಿದೆ ಅಂತ. ಯಾರೋ ಯಾವಾಗಲೋ ಪಾಸ್‌ವರ್ಡ್ ಬದಲಿಸಿದ್ದರು. ಅಂದಿನಿಂದ ಬ್ಯಾಕಪ್ ಪ್ರೋಗ್ರಾಂ ತಪ್ಪದೆ ಪ್ರತಿ ರಾತ್ರಿ ಆ ದೂರನ್ನೇ ಬರೆದಿಡುತ್ತಿತ್ತು. ಮಾಲೀಕರು ಮಾತಾಡಲಿಲ್ಲ. ಅವರ ಮಗ ಟೀ ತರಿಸಿದ, ಯಾರೂ ಕುಡಿಯಲಿಲ್ಲ.

ಮುಂದಿನ ಸಲ ಯಾರ ಜೊತೆ ವ್ಯವಹಾರ ಮಾಡಿದರೂ ಮುಖ್ಯ ಅಕೌಂಟ್ ಅಂಗಡಿಯ ಹೆಸರಲ್ಲಿರಲಿ, ಅಂಗಡಿಗೆಂದೇ ಮಾಡಿದ ಇಮೇಲ್‌ನಲ್ಲಿರಲಿ. ಮಗನ ಜಿಮೇಲ್ ಬೇಡ, ಅವನು ನಾಳೆ ಬೆಂಗಳೂರಿಗೆ ಹೋಗುತ್ತಾನೆ. ಅಡ್ಮಿನ್ ಅಧಿಕಾರ, ಅಂದರೆ ಯಾರನ್ನಾದರೂ ಸೇರಿಸುವ, ತೆಗೆಯುವ ಅಧಿಕಾರ, ಮನೆಯ ಇಬ್ಬರಲ್ಲಿರಲಿ. ಸಾಫ್ಟ್‌ವೇರ್‌ನವನನ್ನು ಒಳಗೆ ಸೇರಿಸಿಕೊಳ್ಳಿ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಿ. ಬೇಡವಾದ ದಿನ ಅವನನ್ನು ನೀವು ತೆಗೆಯುವಂತಿರಬೇಕು, ನಿಮ್ಮನ್ನು ಅವನು ತೆಗೆಯುವಂತಿರಬಾರದು. ವೆಬ್‌ಸೈಟ್ ಇದ್ದರೆ ಅದರ ವಿಳಾಸ, ಅಂದರೆ ಡೊಮೇನ್, ಯಾರ ಹೆಸರಲ್ಲಿದೆ ಎಂದು ಇವತ್ತೇ ನೋಡಿ. ಒಪ್ಪಂದದಲ್ಲಿ ಬಿಟ್ಟು ಹೋಗುವ ದಿನದ ಮಾತು ಇರಲಿ. ಎಷ್ಟು ದಿನದಲ್ಲಿ ಡೇಟಾ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು, ಫೀಸು ವರ್ಷಕ್ಕೆ ಶೇಕಡಾ ಎಷ್ಟಕ್ಕಿಂತ ಜಾಸ್ತಿ ಏರಿಸಬಾರದು. ಮದುವೆ ದಿನ ಬೀಳ್ಕೊಡುಗೆ ಮಾತಾಡುವುದು ಅಪಶಕುನ ಅಂತ ಒಬ್ಬರು ಹಿರಿಯ ವ್ಯಾಪಾರಿ ನನಗೆ ಹೇಳಿದ್ದರು. ಇದು ಮದುವೆಯಲ್ಲ ಸ್ವಾಮಿ, ಬಾಡಿಗೆ ಮನೆ.

ಬೈಯುವ ಮೊದಲು ನನ್ನದೂ ಒಂದು ಹೇಳಿಬಿಡುತ್ತೇನೆ. ಹಿಂದೆ ಒಬ್ಬ ಬಟ್ಟೆ ವ್ಯಾಪಾರಿಗೆ ಅಕೌಂಟ್ ಮಾಡಿಕೊಡುವಾಗ ಅವರಿಗೆ ಪುರುಸೊತ್ತಿಲ್ಲವೆಂದು ನನ್ನದೇ ನಂಬರ್ ಹಾಕಿದ್ದೆ. ದೀಪಾವಳಿ ವಾರದಲ್ಲಿ ನನ್ನ ಫೋನ್ ಭದ್ರಾ ನಾಲೆಗೆ ಬಿತ್ತು. ಹೊಸ ಸಿಮ್ ಚಾಲೂ ಆಗುವ ತನಕ ಎರಡು ದಿನ ಅವರು ಕೈಯಲ್ಲಿ ಬಿಲ್ ಬರೆದರು. ನನ್ನನ್ನು ಅವರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಅಂದಿನಿಂದ ಯಾರ ಅಕೌಂಟಿಗೂ ನನ್ನ ನಂಬರ್ ಹಾಕಿಲ್ಲ. ನಿಮ್ಮವರು ‘ನನ್ನ ನಂಬರ್ ಹಾಕ್ತೀನಿ, ನಿಮಗೆ ತೊಂದರೆ ಬೇಡ’ ಅಂದರೆ ಅವರು ಕಳ್ಳರೇ ಆಗಬೇಕಿಲ್ಲ, ನನ್ನಂಥ ಸೋಮಾರಿಯೂ ಆಗಿರಬಹುದು. ನಿಮಗೆ ಆಗುವ ನಷ್ಟ ಒಂದೇ.

ಪ್ರಶ್ನೆ: ಗೂಗಲ್, ಮೈಕ್ರೋಸಾಫ್ಟ್‌ನಂಥ ದೊಡ್ಡವರದ್ದೇ ತೆಗೆದುಕೊಂಡರೆ ಬೇರೆ ಬ್ಯಾಕಪ್ ಬೇಡ ಅಲ್ವಾ?

ಉತ್ತರ: ಬೇಕು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ಗೂಗಲ್ ಕಡೆಯ ತಪ್ಪಿನಿಂದ ಅಳಿಸಿಹೋಯಿತು. ಸೆಟಪ್ ಮಾಡುವಾಗ ಒಂದು ಕಾಲಂ ಖಾಲಿ ಬಿಟ್ಟಿದ್ದರು. ಅದರಿಂದ ಒಂದು ವರ್ಷದ ಅವಧಿ ತಾನಾಗಿ ನಿಗದಿಯಾಯಿತು, ಅವಧಿ ಮುಗಿದಾಗ ತಾನಾಗಿ ಡಿಲೀಟ್ ಆಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ತಮ್ಮ ಖಾತೆ ನೋಡಲಾಗಲಿಲ್ಲ. ಪುಣ್ಯಕ್ಕೆ ಆ ನಿಧಿಯವರು ಬೇರೊಂದು ಕಂಪನಿಯಲ್ಲೂ ಬ್ಯಾಕಪ್ ಇಟ್ಟಿದ್ದರು.

ತಪ್ಪೇ ಆಗಬೇಕೆಂದಿಲ್ಲ. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಕಾರಣಕ್ಕೆ ಮೈಕ್ರೋಸಾಫ್ಟ್ ಗುಜರಾತ್‌ನಲ್ಲಿ ರಿಫೈನರಿ ಇರುವ ನಯಾರಾ ಎನರ್ಜಿಯ ಇಮೇಲ್ ಸೇವೆ ನಿಲ್ಲಿಸಿತು. ದುಡ್ಡು ಕಟ್ಟಿದ ಲೈಸೆನ್ಸ್ ಇದು ಎಂದು ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯಿತು, ಕೆಲವೇ ದಿನದಲ್ಲಿ ಸೇವೆ ವಾಪಸ್ ಬಂತು. ರಿಫೈನರಿಯವರಿಗೆ ಹೈಕೋರ್ಟ್‌ಗೆ ಹೋಗುವ ಶಕ್ತಿ ಇದೆ. ನಿಮಗೆ ಅದಕ್ಕಿಂತ ಒಂದು ಹಾರ್ಡ್ ಡಿಸ್ಕ್ ಅಗ್ಗ.

ಪ್ರಶ್ನೆ: ಕಾರ್ಡಿನಲ್ಲಿ ದುಡ್ಡಿದ್ದರೂ ಆಟೋ ಪೇ ಫೇಲ್ ಆಗಿ ನಮ್ಮ ಸೇವೆ ನಿಂತುಹೋಯಿತು. ಕಂಪನಿಯವರ ಮೋಸವಾ?

ಉತ್ತರ: ಮೋಸ ಅಲ್ಲ, ಬಿಲ್ 15,000 ರೂಪಾಯಿ ದಾಟಿರಬೇಕು. ಅಷ್ಟಕ್ಕಿಂತ ಹೆಚ್ಚಿನ ಇಂಥ ಕಂತನ್ನು ಪ್ರತಿ ಸಲ ಓಟಿಪಿ ಕೊಟ್ಟು ಒಪ್ಪಬೇಕು, ಅದು ರಿಸರ್ವ್ ಬ್ಯಾಂಕ್ ನಿಯಮ. ಬ್ಯಾಂಕಿನಿಂದ ಮುಂಚೆಯೇ ಮೆಸೇಜ್ ಬಂದಿರುತ್ತದೆ, ನೀವು ಓದಿರುವುದಿಲ್ಲ.

ಪ್ರಶ್ನೆ: ಸೇವೆ 99.9 ಪರ್ಸೆಂಟ್ ಹೊತ್ತು ನಿಲ್ಲದೆ ನಡೆಯುತ್ತೆ ಅಂತ ಗ್ಯಾರಂಟಿ ಕೊಡುತ್ತಾರೆ. ಸಾಕಾ?

ಉತ್ತರ: ಅಂದರೆ ತಿಂಗಳಿಗೆ ಸುಮಾರು 43 ನಿಮಿಷ ನಿಂತರೂ ಅವರು ಮಾತು ತಪ್ಪಿದಂತಲ್ಲ. ಆ 43 ನಿಮಿಷ ಟೆಂಡರ್ ಹೊತ್ತಿನಲ್ಲೇ ಬರಬಹುದು. ಮಾತು ತಪ್ಪಿದರೂ ಮುಂದಿನ ಬಿಲ್ಲಿನಲ್ಲಿ ಒಂದಿಷ್ಟು ಕಡಿಮೆ ಮಾಡುತ್ತಾರೆ, ನಿಮ್ಮ ವ್ಯಾಪಾರದ ನಷ್ಟ ಕಟ್ಟಿಕೊಡುವುದಿಲ್ಲ.

ಪ್ರಶ್ನೆ: ಒಮ್ಮೆ 4,999 ಕಟ್ಟಿದರೆ ಜೀವನಪೂರ್ತಿ ಕ್ಲೌಡ್ ಫ್ರೀ ಅಂತೆ. ತಗೊಳ್ಳಲಾ?

ಉತ್ತರ: ಯಾರ ಜೀವನಪೂರ್ತಿ ಅಂತ ಕೇಳಿ.

ಪ್ರಶ್ನೆ: ಕ್ಲೌಡ್‌ನಲ್ಲಿಟ್ಟರೆ ತೆರಿಗೆಯವರು ನೋಡುತ್ತಾರಂತೆ. ಪೆನ್‌ಡ್ರೈವೇ ವಾಸಿ ಅಲ್ವಾ?

ಉತ್ತರ: ರಿಟರ್ನ್ ಅಂತ ನೀವೇ ಅವರಿಗೆ ಎಲ್ಲ ಕಳಿಸುತ್ತಿದ್ದೀರಿ. ಪೆನ್‌ಡ್ರೈವ್‌ನಲ್ಲಿ ಬೇರೆ ಲೆಕ್ಕ ಇದ್ದರೆ ಆ ಪ್ರಶ್ನೆ ನನಗಲ್ಲ, ನಿಮ್ಮ ಆಡಿಟರ್‌ಗೆ ಕೇಳಿ.

ಪ್ರಶ್ನೆ: ನಮ್ಮದು ಪ್ರೈವೇಟ್ ಲಿಮಿಟೆಡ್. ಲೆಕ್ಕದ ಸರ್ವರ್ ಸಿಂಗಪುರದಲ್ಲಿದೆ. ಪರವಾಗಿಲ್ವಾ?

ಉತ್ತರ: ಭಾರತದಲ್ಲಿರುವ ಸರ್ವರ್‌ನಲ್ಲಿ ಒಂದು ಬ್ಯಾಕಪ್ ಇರಲೇಬೇಕು. 2022ರ ಆಗಸ್ಟ್‌ನಿಂದ ಅದು ದಿನವೂ ಆಗಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದಲ್ಲಿ ಏನನ್ನು ಯಾವಾಗ ತಿದ್ದಿದರು ಎಂದು ಬರೆದಿಡುವ ಎಡಿಟ್ ಲಾಗ್ ಕೂಡ ಕಡ್ಡಾಯ, ಅದನ್ನು ಆಫ್ ಮಾಡುವಂತಿಲ್ಲ. ‘ಆಫ್ ಮಾಡಿಕೊಡ್ತೀನಿ’ ಅನ್ನುವ ಮಹಾನುಭಾವರು ಅಶೋಕ ರಸ್ತೆಯಲ್ಲೂ ಸಿಗುತ್ತಾರೆ. ಸಹಿ ಹಾಕುವವರು ಅವರಲ್ಲ, ನೀವು.

ಪ್ರಶ್ನೆ: ಅಡ್ಮಿನ್ ಪಾಸ್‌ವರ್ಡ್ ಎಲ್ಲಿ ಬರೆದಿಡಬೇಕು?

ಉತ್ತರ: ಚೌಕಿಪೇಟೆಯ ಒಬ್ಬರು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಹೆಂಡತಿಯ ಒಡವೆ ಜೊತೆ ಲಾಕರಿನಲ್ಲಿ ಇಟ್ಟಿದ್ದಾರೆ. ನನಗೆ ಅದು ಇಷ್ಟವಾಯಿತು. ನಿಮ್ಮ ಹಾಗೆ ಕ್ಯಾಷ್ ಕೌಂಟರಿನ ಮಾನಿಟರ್ ಮೇಲೆ ಅಂಟಿಸಿ, ಅದರ ಫೋಟೋ ತೆಗೆದು ನನಗೆ ಕಳಿಸಬೇಡಿ. ಮೊದಲು ಹೋಗಿ ಅದನ್ನು ಬದಲಿಸಿ.