ಉಬ್ಬಸ ಇರೋ ತಂದೆಗೆ ಭುಜದ ಆಪರೇಷನ್, ಕುತ್ತಿಗೆ ಹತ್ರ ಇಂಜೆಕ್ಷನ್ ಕೊಟ್ರೆ ಉಸಿರಾಟಕ್ಕೆ ತೊಂದ್ರೆ ಆಗುತ್ತಾ?

ಮೂಡಿಗೆರೆ ಹತ್ರ ತೋಟದಲ್ಲಿ ಮೆಣಸು ಕೊಯ್ಯುವಾಗ ನಿಮ್ಮ ತಂದೆಯವರು ಏಣಿಯಿಂದ ಬಿದ್ದು ಬಲಭುಜ ಮುರಿದಿದೆ, 50 ಕೆಜಿ ತೂಕ, ಬೀಡಿ ಸೇದಿ ಸೇದಿ ಉಬ್ಬಸ, ಸ್ಕ್ಯಾನ್ ನೋಡ್ಕೊಂಡು ಇಂಜೆಕ್ಷನ್ ಕೊಟ್ಟು ಕೈ ಮರಗಟ್ಟಿಸ್ತೀವಿ, ಡೋಸ್ ಲಿಮಿಟ್ ಒಳಗೇ ಇರುತ್ತೆ ಅಂದಿದಾರೆ, ಸಾಕಾ ಅಂತ ಕೇಳಿದೀರಿ. ನಾನು ಹಾಸನದಲ್ಲಿ ಅನಸ್ತೇಶಿಯಾ ಡಾಕ್ಟರ್. ಲಿಮಿಟ್ ಮಾತು ನಿಜ, ಆದ್ರೆ ಆ ಲಿಮಿಟ್ ಇರೋದು ಹಾರ್ಟು ಮತ್ತೆ ಮೆದುಳಿನ ಸಲುವಾಗಿ, ಉಸಿರಾಟದ ಲೆಕ್ಕವೇ ಬೇರೆ.

ಮರಗಟ್ಟಿಸೋಕೆ ಕೊಡೋ ಬ್ಯೂಪಿವಕೇನ್ ಔಷಧಿನ ಸಾಮಾನ್ಯವಾಗಿ ಕೆಜಿಗೆ 2 ಮಿಲಿಗ್ರಾಂ ದಾಟಿಸಲ್ಲ, 50 ಕೆಜಿಗೆ 100 ಮಿಲಿಗ್ರಾಂ ಆಯ್ತು, 0.5 ಪರ್ಸೆಂಟ್ ಬಾಟಲಿಯಲ್ಲಿ ಅದು 20 ಎಂಎಲ್. ರಕ್ತಕ್ಕೆ ಜಾಸ್ತಿ ಸೇರಿದ್ರೆ ಬಾಯಿ ಸುತ್ತ ಜೋಮು, ಕಿವಿ ಗುಂಯ್ ಅನ್ನೋದು, ಫಿಟ್ಸ್, ಹಾರ್ಟ್ ನಿಲ್ಲೋವರೆಗೂ ಹೋಗ್ಬೋದು, ಅದಕ್ಕೇ ಆ ವಿಷ ಇಳಿಸೋಕೆ ರಕ್ತನಾಳಕ್ಕೆ ಕೊಡೋ ಕೊಬ್ಬಿನ ದ್ರಾವಣ, ಅಂದ್ರೆ 20 ಪರ್ಸೆಂಟ್ ಲಿಪಿಡ್ ಬಾಟಲಿ ಕೈಗೆ ಸಿಗೋ ಹಾಗೆ ಇಟ್ಕೊಂಡಿರ್ಬೇಕು.

ಈಗ ಉಸಿರಾಟ. ಎದೆ ಮತ್ತೆ ಹೊಟ್ಟೆ ನಡುವಿನ ವಪೆ ಆಡೋದು ಫ್ರೆನಿಕ್ ನರದಿಂದ, ಆ ನರ ಕುತ್ತಿಗೆಯಲ್ಲಿ ನಾವು ಸೂಜಿ ಹಾಕೋ ಕೈಯ ನರಗಳಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಇಳಿಯುತ್ತೆ. ಸ್ಕ್ಯಾನಲ್ಲಿ ಸೂಜಿ ಕಾಣುತ್ತೆ, ಔಷಧಿ ಹರಡೋದೂ ಕಾಣುತ್ತೆ, ಆದ್ರೆ ಹರಡೋದನ್ನ ಸ್ಕ್ಯಾನ್ ತಡೆಯಲ್ಲ. ಟೊರಾಂಟೊದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಪಿವಕೇನ್ ಅನ್ನೋ ಇದೇ ಥರದ ಔಷಧಿನ 20 ಎಂಎಲ್ ಕೊಟ್ಟ ಎಲ್ಲರಿಗೂ ಆ ಕಡೆ ವಪೆ ಸೋತಿತ್ತು, 5 ಎಂಎಲ್ ಕೊಟ್ಟವರಲ್ಲಿ ನೂರಕ್ಕೆ 45 ಜನಕ್ಕೆ, ನೋವು ಮಾತ್ರ ಎರಡರಲ್ಲೂ ಒಂದೇ ಥರ ಕಮ್ಮಿ ಆಗಿತ್ತು. ಅಂದ್ರೆ ಲಿಮಿಟ್ ಒಳಗಿನ 20 ಎಂಎಲ್ಲೇ ನಿಮ್ಮ ತಂದೆಯವರ ಅರ್ಧ ವಪೆ ನಿಲ್ಲಿಸ್ಬೋದು, ಎಷ್ಟೋ ಗಂಟೆ. ಶ್ವಾಸಕೋಶ ಗಟ್ಟಿ ಇರೋರಿಗೆ ಹೆಚ್ಚಾಗಿ ಅದು ಗೊತ್ತೂ ಆಗಲ್ಲ. ಉಬ್ಬಸದವರಿಗೆ ಹಾಗಲ್ಲ, ಇರೋದೇ ಕಮ್ಮಿ ಉಸಿರು, ಅದರಲ್ಲೂ ಸುಮಾರು ಕಾಲು ಭಾಗ ಹೋದ್ರೆ ತಡ್ಕೊಳ್ಳೋದು ಕಷ್ಟ.

ಹಾಗಂತ ಬ್ಲಾಕೇ (ನರದ ಹತ್ರ ಇಂಜೆಕ್ಷನ್ ಕೊಟ್ಟು ಮರಗಟ್ಟಿಸೋದು) ಬೇಡ ಅನ್ಬೇಡಿ, ಇಂಥವರಿಗೆ ಆಪರೇಷನ್ ಆದ್ಮೇಲೆ ನೋವಿಗೆ ಮಾರ್ಫಿನ್ ಥರದ್ದು ಜಾಸ್ತಿ ಕೊಡೋದೂ ಉಸಿರಿಗೆ ಒಳ್ಳೇದಲ್ಲ. ಸ್ವಲ್ಪ ಕೆಳಗೆ, ಫ್ರೆನಿಕ್ ನರ ದೂರ ಸರಿದಿರೋ ಜಾಗದಲ್ಲಿ ಕಮ್ಮಿ ಔಷಧಿ ಕೊಡೋ ಸುಪೀರಿಯರ್ ಟ್ರಂಕ್ ಬ್ಲಾಕ್ ಇದೆ, ಭುಜದ ಹಿಂದಿನ ಸುಪ್ರಾಸ್ಕ್ಯಾಪುಲರ್ ನರ ಮತ್ತೆ ಆಕ್ಸಿಲರಿ ನರಕ್ಕೆ ಬೇರೆ ಬೇರೆ ಕೊಡೋದೂ ಇದೆ, ಜೊತೆಗೆ ಜನರಲ್ ಅನಸ್ತೇಶಿಯಾ. ಯಾವುದು ಅನ್ನೋದನ್ನ ಅವರನ್ನ ಪರೀಕ್ಷೆ ಮಾಡಿದ ಡಾಕ್ಟರೇ ಹೇಳ್ಬೇಕು.

ನೀವು ಮಾಡ್ಬೇಕಾದ್ದು, ಉಬ್ಬಸವನ್ನ ಮುಚ್ಚಿಡಬೇಡಿ. ನಮ್ಮ ತೋಟದ ಕಡೆ ಹಿರಿಯರು "ಚಳಿಗೆ ಕೆಮ್ಮು ಅಷ್ಟೇ ಸಾರ್" ಅಂದ್ಬಿಡ್ತಾರೆ, ಪಕ್ಕದಲ್ಲಿದ್ದ ಮಗನೂ ಸುಮ್ನಿರ್ತಾನೆ, ನನಗೆ ಅದೇ ಸಂಕಟ. ದಿಣ್ಣೆ ಹತ್ತುವಾಗ ಎಷ್ಟು ಸಲ ನಿಲ್ತಾರೆ, ರಾತ್ರಿ ಎದ್ದು ಕೂರ್ತಾರಾ, ಯಾವ ಪಂಪ್ ಎಳೀತಾರೆ, ಹಿಂದೆ ಟಿಬಿ ಆಗಿತ್ತಾ, ಎಲ್ಲ ಹೇಳಿ. ಬಿದ್ದಿರೋದ್ರಿಂದ ಎಡಗಡೆ ಪಕ್ಕೆಲುಬು ಮುರಿದಿದೆಯಾ ಅಂತ ಎಕ್ಸ್‌ರೇ ತೋರಿಸಿ ಕೇಳಿ, ಬಲ ವಪೆ ನಿಂತಾಗ ಉಸಿರಾಟದ ಭಾರವೆಲ್ಲ ಎಡಭಾಗದ ಮೇಲೇ ಬೀಳುತ್ತೆ, ಎಡಭಾಗದ ವಪೆ ಮೊದಲೇ ಸೋತಿದ್ರೆ ಬಲಗಡೆ ಕುತ್ತಿಗೆ ಬ್ಲಾಕ್ ಕೊಡ್ಲೇಬಾರ್ದು. ಬ್ಲಾಕ್ ಆದ್ಮೇಲೆ ದನಿ ಒಡೆದ್ರೆ, ಆ ಕಡೆ ರೆಪ್ಪೆ ಇಳಿದ್ರೆ ಗಾಬರಿ ಬೇಡ, ಔಷಧಿಯ ಪ್ರಭಾವ ಇಳಿದಾಗ ಸರಿಹೋಗುತ್ತೆ. ಉಸಿರು ಸಾಲ್ತಿಲ್ಲ ಅಂದ್ರೆ ಮಾತ್ರ ಆ ಕ್ಷಣವೇ ಸಿಸ್ಟರ್‌ನ ಕರೀರಿ, ಎಬ್ಬಿಸಿ ಒರಗಿಸಿ ಕೂರಿಸಿ.