ಎಂಪಿ4 ವಿಡಿಯೊ ಹಳೆಯ ಡಿವಿಡಿ ಪ್ಲೇಯರ್‌ನಲ್ಲಿ ಓಡುತ್ತಿಲ್ಲವೇಕೆ?

ಎರಡು ಗಂಟೆಯ ಮದುವೆ ವಿಡಿಯೊದ ಎಂಪಿ4 ಫೈಲನ್ನು ಡಿವಿಡಿಗೆ ಹಾಕಿದರೂ ತಂದೆಯವರ ಹಳೆಯ ಪ್ಲೇಯರ್ ಅದನ್ನು ಓದುತ್ತಿಲ್ಲವೆಂದು ಕೇಳಿದ್ದೀರಿ. ದೋಷ ಡಿಸ್ಕ್‌ನದ್ದಾಗಿರಲಾರದು. ಅಂತಹ ಪ್ಲೇಯರ್‌ಗಳಲ್ಲಿ ಬಹುತೇಕವು ಎಂಪಿ4 ಫೈಲಿನೊಳಗೆ ಸಾಮಾನ್ಯವಾಗಿರುವ ಎಚ್.264 ಎಂಬ ಸಂಕುಚಿತ ರೂಪದ ವಿಡಿಯೊವನ್ನು ಬಿಡಿಸಲಾರವು. ಅವುಗಳಿಗೆ ಎಂಪೆಗ್-2 ಎಂಬ ಹಳೆಯ ರೂಪಕ್ಕೆ ಪರಿವರ್ತಿಸಿದ ಚಿತ್ರ, 48 ಕಿಲೋಹರ್ಟ್ಸ್‌ನ ಎಸಿ-3 (ಡಾಲ್ಬಿ ಡಿಜಿಟಲ್) ಧ್ವನಿ ಹಾಗೂ ಡಿವಿಡಿ-ವಿಡಿಯೊ ಪದ್ಧತಿಯ ಫೋಲ್ಡರ್ ರಚನೆ ಬೇಕು. ಈ ರಚನೆಯನ್ನು ಡಿವಿಡಿಸ್ಟೈಲರ್ ಎಂಬ ಉಚಿತ ತಂತ್ರಾಂಶವೇ ಮಾಡಿಕೊಡುತ್ತದೆ.

ನಿಜವಾದ ಎಚ್ಚರಿಕೆ ಬೇಕಾಗಿರುವುದು ಬಿಟ್‌ರೇಟ್, ಅಂದರೆ ಪ್ರತಿ ಸೆಕೆಂಡಿಗೆ ಬಳಸುವ ದತ್ತಾಂಶದ ಪ್ರಮಾಣದ ವಿಷಯದಲ್ಲಿ. ನಿಯಮದ ಪ್ರಕಾರ ಚಿತ್ರಕ್ಕೆ ಸೆಕೆಂಡಿಗೆ 9.8 ಮೆಗಾಬಿಟ್‌ವರೆಗೆ ಅವಕಾಶವಿದ್ದರೂ, 4.7 ಜಿಬಿ ಡಿಸ್ಕ್‌ನಲ್ಲಿ ಎರಡು ಗಂಟೆ ಹಿಡಿಸಬೇಕಾದರೆ ಧ್ವನಿಯೂ ಸೇರಿ ಸುಮಾರು 5 ಮೆಗಾಬಿಟ್‌ಗೆ ಮೀರುವಂತಿಲ್ಲ. ಆದ್ದರಿಂದ ಚಿತ್ರಕ್ಕೆ 4.6 ಮೆಗಾಬಿಟ್, ಧ್ವನಿಗೆ 192 ಕಿಲೋಬಿಟ್ ಇರಿಸಿ, ಸಾಧ್ಯವಿದ್ದರೆ ಎರಡು ಹಂತದ ಎನ್‌ಕೋಡಿಂಗ್ (ವಿಡಿಯೊವನ್ನು ಮೊದಲು ಪರಿಶೀಲಿಸಿ, ಬಳಿಕ ಪರಿವರ್ತಿಸುವ ವಿಧಾನ) ಆರಿಸಿಕೊಳ್ಳಿ. ಆರತಿ, ಧಾರೆಯಂತಹ ಮಂದ ಬೆಳಕಿನ ದೃಶ್ಯಗಳಲ್ಲಿ ಇದರ ಪ್ರಯೋಜನ ಎದ್ದು ಕಾಣುತ್ತದೆ. ಮೂಲ ವಿಡಿಯೊ ಸೆಕೆಂಡಿಗೆ 25 ಫ್ರೇಮ್‌ನದ್ದಾಗಿದ್ದರೆ ಪಾಲ್ ಎಂಬ ಟಿವಿ ಪದ್ಧತಿಯ 720×576 ಅಳತೆಯನ್ನೂ, 30ರದ್ದಾಗಿದ್ದರೆ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯ 720×480 ಅಳತೆಯನ್ನೂ ಆರಿಸಿ. ಒಂದನ್ನು ಇನ್ನೊಂದಕ್ಕೆ ಬದಲಿಸಿದರೆ ಚಲನೆ ತಡವರಿಸುತ್ತದೆ. ಅಗಲ ಪರದೆಗೆ 16:9 ಎಂದು ಗುರುತಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮುಖಗಳೆಲ್ಲ ಉದ್ದವಾಗಿ ಕಾಣುತ್ತವೆ. ಕೊನೆಯದಾಗಿ, ಡಿವಿಡಿ-ಆರ್ ಡಿಸ್ಕ್ ಬಳಸಿ ಫೈನಲೈಸ್ ಮಾಡಿ (ಅಂದರೆ ಬರೆಯುವಿಕೆಯನ್ನು ಪೂರ್ತಿಗೊಳಿಸಿ), ಮತ್ತು ಮೂಲ ಎಂಪಿ4 ಫೈಲನ್ನು ದಯವಿಟ್ಟು ಅಳಿಸಬೇಡಿ.