ಅಭ್ಯಾಸಕ್ಕೆ ಲಾಗಿನ್ ಕೊಡಿ, ನಿಮ್ಮದನ್ನಲ್ಲ

ಪ್ರಶ್ನೆ: ಮಂಡ್ಯ ಜಿಲ್ಲೆಯ ಇಲಾಖೆಯೊಂದರಲ್ಲಿ ಅಧಿಕಾರಿಯಾಗಿದ್ದೇನೆ. ರೈತರ ಸಹಾಯಧನದ ತಂತ್ರಾಂಶದ ಗುತ್ತಿಗೆ ಮೈಸೂರಿನ ಸಣ್ಣ ಸಂಸ್ಥೆಯೊಂದಕ್ಕೆ ಸಿಕ್ಕಿದೆ. ಅಲ್ಲಿನ ಹುಡುಗರು ಹೊಸಬರು. ಸರ್ಕಾರಿ ಕ್ಲೌಡ್‌ನಲ್ಲಿ (ಅಂತರ್ಜಾಲದ ಮೂಲಕ ಬಳಸುವ ಸರ್ವರ್‌ಗಳಲ್ಲಿ) ಕೈ ಪಳಗಿಸಿಕೊಳ್ಳಲು ನನ್ನ ಲಾಗಿನ್ ಮತ್ತು ಫಲಾನುಭವಿಗಳ ಪಟ್ಟಿಯ ಪ್ರತಿಯನ್ನು ಕೇಳುತ್ತಿದ್ದಾರೆ. ಪಟ್ಟಿಯಲ್ಲಿ ಹೆಸರು ಅಳಿಸಿ ಕೊಟ್ಟರೆ ಸಾಕಲ್ಲವೇ?

ಉತ್ತರ: ಅಭ್ಯಾಸಕ್ಕೆ ಅವಕಾಶ ಕೇಳಿದ್ದು ತಪ್ಪಲ್ಲ. ನೀರಿಗಿಳಿಯದೆ ಈಜು ಬರುವುದಿಲ್ಲ. ರೈತರ ಹಣ ಹರಿಯುವ ಜಾಗದಲ್ಲೇ ಅವರು ಕಲಿಯತೊಡಗಿದರೆ ಇನ್ನೂ ಕಷ್ಟ. ಪ್ರವೇಶ ಕೊಡಿಸಿ; ಆದರೆ ಅವರು ಕೇಳಿದ ಆ ಎರಡನ್ನು ಕೊಡಬೇಡಿ.

ನಿಮ್ಮ ಲಾಗಿನ್‌ನಲ್ಲಿ ಯಾರು ಏನು ಮಾಡಿದರೂ ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆಯಲ್ಲಿ, ಉಳಿಯುವುದು ನಿಮ್ಮ ಹೆಸರು. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ಅವಘಡ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಅಷ್ಟರಲ್ಲಿ ‘ಅದು ನಾನಲ್ಲ’ ಎಂದು ಯಾರಿಗೆ ಸಾಬೀತುಪಡಿಸುತ್ತೀರಿ? ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಔದಾರ್ಯ ನಮ್ಮ ಕಚೇರಿಗಳಲ್ಲಿ ಮೊದಲೇ ಹೆಚ್ಚು.

ಕೇಂದ್ರದ ಎನ್‌ಐಸಿ ನಡೆಸುವ ಸರ್ಕಾರಿ ಕ್ಲೌಡ್ ಮೇಘರಾಜ್ ಇರಲಿ, ಕೇಂದ್ರದ ಮಾನ್ಯತೆ ಪಡೆದ ಖಾಸಗಿ ಕ್ಲೌಡ್ ಇರಲಿ, ಇಲಾಖೆಯ ನೋಡಲ್ ಅಧಿಕಾರಿಯ ಮೂಲಕ ಅಭ್ಯಾಸಕ್ಕೆಂದೇ ಬೇರೆ ಖಾತೆ ಕೇಳಿ. ಪ್ರತಿಯೊಬ್ಬನಿಗೂ ಅವನದೇ ಹೆಸರಿನ ಲಾಗಿನ್, ಅದಕ್ಕೊಂದು ಮುಕ್ತಾಯದ ದಿನಾಂಕ, ವೆಚ್ಚಕ್ಕೊಂದು ಮಿತಿ ಇರಲಿ. ಅಲ್ಲಿಂದ ಅಸಲಿ ಸರ್ವರ್‌ಗೆ ದಾರಿಯೇ ಇರಬಾರದು. ಅಮೆರಿಕದ ಕ್ಲೌಡ್ ಡಾಟ್ ಗವ್ ವೇದಿಕೆ ಅಲ್ಲಿನ ಕೇಂದ್ರ ಸರ್ಕಾರದ ಇಮೇಲ್ ಇದ್ದವರಿಗೆ ಉಚಿತ ಸ್ಯಾಂಡ್‌ಬಾಕ್ಸ್ (ಅಸಲಿ ವ್ಯವಸ್ಥೆಯಿಂದ ಬೇರ್ಪಡಿಸಿದ ಅಭ್ಯಾಸದ ಜಾಗ) ಕೊಟ್ಟು, 90 ದಿನಕ್ಕೆ ಅದನ್ನು ಬರಿದು ಮಾಡುವ ಪದ್ಧತಿ ಇಟ್ಟುಕೊಂಡಿತ್ತು. ನಾವೂ ಅನುಸರಿಸಬಹುದಾದ ಶಿಸ್ತು ಅದು. ಕೆಲಸ ಬಿಟ್ಟು ಹೋದವನ ಲಾಗಿನ್ ವರ್ಷಗಟ್ಟಲೆ ಜೀವಂತವಾಗಿರುವುದೇ ನಮ್ಮಲ್ಲಿನ ದೊಡ್ಡ ರೋಗ.

ಇನ್ನು ಪಟ್ಟಿ. ಹೆಸರು ಅಳಿಸಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಉಳಿಸಿದಿರಿ ಎನ್ನಿ. ಭೂಮಿ ಜಾಲತಾಣದಲ್ಲಿ ಆ ನಂಬರ್ ಹಾಕಿ ಪಹಣಿ ತೆರೆದರೆ ಮಾಲೀಕರ ಹೆಸರು ಅಲ್ಲೇ ಕಾಣುತ್ತದೆ. ಅಳಿಸಿದ್ದು ವ್ಯರ್ಥ. ಅದರ ಪಕ್ಕದಲ್ಲಿ ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳೂ ಇದ್ದರೆ ವಂಚಕರಿಗೆ ಬೇರೇನೂ ಬೇಕಿಲ್ಲ. ಹಾಗಾಗಿ ಪಟ್ಟಿಯನ್ನು ತಿದ್ದುವ ಬದಲು ಹೊಸದಾಗಿ ಕಟ್ಟಿಸಿ: ಇಲ್ಲದ ಊರು, ಇಲ್ಲದ ಸರ್ವೆ ನಂಬರ್. ಆಧಾರ್ ಜಾಗದಲ್ಲಿ ಮನಸ್ಸಿಗೆ ತೋಚಿದ 12 ಅಂಕಿ ತುಂಬಿದರೆ ಅದು ಯಾರದೋ ಅಸಲಿ ಸಂಖ್ಯೆಯಾಗಬಹುದು. ನಿಜವಾದ ಆಧಾರ್ ಸಂಖ್ಯೆ 0 ಅಥವಾ 1ರಿಂದ ಆರಂಭವಾಗುವುದಿಲ್ಲ, ಆದ್ದರಿಂದ ಆ ಅಂಕಿಗಳಿಂದ ಶುರುವಾಗುವ ಸಂಖ್ಯೆ ಬಳಸಲಿ. ತಂತ್ರಾಂಶ ಅದನ್ನು ತಿರಸ್ಕರಿಸಿದರೆ, ಡೆವಲಪರ್‌ಗಳಿಗಾಗಿ ಆಧಾರ್ ನೀಡುವ ಸಂಸ್ಥೆ ಯುಐಡಿಎಐ ಒದಗಿಸಿರುವ ಪರೀಕ್ಷಾ ಸಂಖ್ಯೆಗಳಿವೆ.

ಗುತ್ತಿಗೆ ಕರಾರಿನಲ್ಲಿ ‘ಎಲ್ಲ ಹೊಣೆ ಸಂಸ್ಥೆಯದೇ’ ಎಂದು ಬರೆಸಿಕೊಂಡು ನಿಶ್ಚಿಂತರಾಗಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಂಸ್ಕರಣೆಯನ್ನು ಹೊರಗಿನವರಿಗೆ ವಹಿಸಿದರೂ ಹೊಣೆ ವಹಿಸಿದವರ ಮೇಲೇ ಉಳಿಯುತ್ತದೆ.

ಪ್ರಶ್ನೆ: ಮೈಸೂರಿನ ಹೆಬ್ಬಾಳದಲ್ಲಿ ಗೆಳೆಯರೊಡನೆ ಸಣ್ಣ ಕಂಪನಿ ನಡೆಸುತ್ತಿದ್ದೇನೆ. ಕಾರ್ಯಾದೇಶವಿಲ್ಲದೆ ಸರ್ಕಾರಿ ಕ್ಲೌಡ್‌ಗೆ ಪ್ರವೇಶವಿಲ್ಲ, ಅನುಭವವಿಲ್ಲದೆ ಕಾರ್ಯಾದೇಶವಿಲ್ಲ. ಏನು ಮಾಡಲಿ?

ಉತ್ತರ: ಈ ಬಿಕ್ಕಟ್ಟು ನಿಜವಾದದ್ದು, ಹೊಸಬರಿಗೆ ಇದು ಅನ್ಯಾಯವೂ ಹೌದು. ಆದರೆ ಯಾರ ಅಪ್ಪಣೆಯನ್ನೂ ಕಾಯದೆ ಕಲಿಯಬಹುದಾದದ್ದು ಬಹಳ ಇದೆ. ಕ್ಲೌಡ್ ಕಟ್ಟಲು, ನಡೆಸಲು ಬಳಸುವ ಕುಬರ್ನೆಟಿಸ್, ಓಪನ್‌ಸ್ಟ್ಯಾಕ್ ಎರಡೂ ಮುಕ್ತ ತಂತ್ರಾಂಶಗಳು. ನಿಮ್ಮ ಯಂತ್ರಗಳಲ್ಲೇ ನಡೆಸಿ ನೋಡಬಹುದು. ಸರ್ಕಾರಿ ವ್ಯವಸ್ಥೆಯ ಜೊತೆಗೇ ಕೆಲಸ ಮಾಡಬೇಕೆಂದರೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಸ್ಯಾಂಡ್‌ಬಾಕ್ಸ್ ಖಾಸಗಿ ಡೆವಲಪರ್‌ಗಳಿಗೂ ತೆರೆದಿದೆ. ಜಿಎಸ್‌ಟಿಯ ಇ-ಇನ್‌ವಾಯ್ಸ್‌ಗೂ ಪ್ರತ್ಯೇಕ ಸ್ಯಾಂಡ್‌ಬಾಕ್ಸ್ ಇದೆ. ಆಯುಷ್ಮಾನ್ ಮಿಷನ್ನಿನಲ್ಲಿ ಪರೀಕ್ಷೆಗಳು ಮುಗಿದ ಮೇಲೆ, ಅಸಲಿ ವ್ಯವಸ್ಥೆಗೆ ಸೇರಿಸುವ ಮೊದಲು ಭದ್ರತಾ ಪರಿಶೀಲನೆಯ ವರದಿ ಕೇಳುತ್ತಾರೆ. ಇಲಾಖೆಗಳ ಟೆಂಡರ್‌ಗಳಲ್ಲೂ ಸರ್ಟ್-ಇನ್ ಮಾನ್ಯತೆ ಪಡೆದ ಪರಿಶೀಲಕರ ವರದಿಯ ಷರತ್ತು ಸಾಮಾನ್ಯ. ದರ ನಮೂದಿಸುವಾಗ ಆ ವೆಚ್ಚವನ್ನು ಮೊದಲೇ ಸೇರಿಸಿಕೊಳ್ಳಿ.